ನಾಸಿಕಾನ್ ಪೆಲೆಟ್: ವಾಹಕತೆ ಹತ್ತು ಪಟ್ಟು ಕಡಿಮೆ ಬರ್ತಿದೆ, ತಪ್ಪು ಎಲ್ಲಿ?

ಮಾರ್ಕಂಡೇಯ_ದಂಡೆ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಸೋಡಿಯಂ ಬ್ಯಾಟರಿಯ ಘನ ಎಲೆಕ್ಟ್ರೋಲೈಟ್‌ಗಾಗಿ ನಾಸಿಕಾನ್ (ಸೋಡಿಯಂ ಅಯಾನು ಹರಿಯಬಿಡುವ ಸೆರಾಮಿಕ್) ಮಾಡುತ್ತಿದ್ದೇನೆ. ಸೋಡಿಯಂ 3, ಜಿರ್ಕೋನಿಯಂ 2, ಸಿಲಿಕಾನ್ 2, ಫಾಸ್ಫರಸ್ 1, ಆಕ್ಸಿಜನ್ 12, ಅದೇ ಹಳೆಯ ಸೂತ್ರ. ಕೋಣೆಯ ಉಷ್ಣತೆಯಲ್ಲಿ ಇದಕ್ಕೆ ಸೆಂಟಿಮೀಟರಿಗೆ 0.6ರಿಂದ 1 ಮಿಲಿಸೀಮೆನ್ಸ್ ವಾಹಕತೆ (ಅಯಾನು ಹರಿಯುವ ಸಲೀಸು) ಬರಬೇಕು. ನನಗೆ ಬರುತ್ತಿರುವುದು 0.053. ಮೂರು ಪೆಲೆಟ್ (ಪುಡಿ ಒತ್ತಿ ಸುಟ್ಟ ಬಿಲ್ಲೆ) ಅಳೆದೆ, ಮೂರೂ ಹೆಚ್ಚುಕಮ್ಮಿ ಅಷ್ಟೇ.

10 ಗ್ರಾಂ ಲೆಕ್ಕಕ್ಕೆ ತೂಗಿದ್ದು: ಸೋಡಿಯಂ ಕಾರ್ಬೊನೇಟ್ 3.296 ಗ್ರಾಂ (ಶೇ. 10 ಹೆಚ್ಚುವರಿ ಸೇರಿ), ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) 4.645, ಸಿಲಿಕಾ 2.265, ಅಮೋನಿಯಂ ಡೈಹೈಡ್ರೋಜನ್ ಫಾಸ್ಫೇಟ್ 2.168. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಜಿರ್ಕೋನಿಯಾ ಗುಂಡುಗಳ ಜೊತೆ ನಿಮಿಷಕ್ಕೆ 300 ಸುತ್ತಿನಲ್ಲಿ 12 ಗಂಟೆ ಬಾಲ್ ಮಿಲ್ (ಗುಂಡುಗಳಿಂದ ಅರೆಯುವ ಯಂತ್ರ). ಆಮೇಲೆ 400 ಡಿಗ್ರಿಯಲ್ಲಿ 2 ಗಂಟೆ, 1100 ಡಿಗ್ರಿಯಲ್ಲಿ 12 ಗಂಟೆ. ಬಂದ ಪುಡಿಯನ್ನು ಅಗೇಟ್ ಖಲ್ಲಿನಲ್ಲಿ ಒಂದು ಗಂಟೆ ಅರೆದು, 13 ಮಿ.ಮೀ ಡೈಯಲ್ಲಿ 2 ಟನ್ ಒತ್ತಿ, ಅಲ್ಯುಮಿನಾ ಮೂಸೆಯಲ್ಲಿ ನೇರವಾಗಿ ಇಟ್ಟು 1200 ಡಿಗ್ರಿ, 10 ಗಂಟೆ.

ಸುಟ್ಟ ಮೇಲೆ ಪೆಲೆಟ್ ವ್ಯಾಸ 11.0 ಮಿ.ಮೀ, ದಪ್ಪ 1.20 ಮಿ.ಮೀ, ತೂಕ 0.317 ಗ್ರಾಂ. ಎರಡೂ ಕಡೆ ಸಿಲ್ವರ್ ಪೇಸ್ಟ್. ಇಂಪಿಡೆನ್ಸ್ (ಎಸಿ ಕರೆಂಟಿಗೆ ಒಡ್ಡುವ ತಡೆ) 1 ಮೆಗಾಹರ್ಟ್ಜ್‌ನಿಂದ 1 ಹರ್ಟ್ಜ್‌ವರೆಗೆ, 20 ಮಿಲಿವೋಲ್ಟ್. ಆ ತಡೆಯ ಎರಡು ಪಾಲುಗಳನ್ನು ಎದುರುಬದುರು ಎಳೆದ ನೈಕ್ವಿಸ್ಟ್ ಚಿತ್ರದಲ್ಲಿ ಒಂದೇ ಅರ್ಧವೃತ್ತ: ಎಡತುದಿ 190 ಓಮ್ ಹತ್ತಿರ ಶುರು, ಬಲತುದಿ 2400 ಓಮ್ ಹತ್ತಿರ ಇಳಿಯುತ್ತದೆ, ಆಮೇಲೆ ಬಾಲ ಮೇಲಕ್ಕೆ ಹೋಗುತ್ತದೆ. ಅರ್ಧವೃತ್ತದ ನೆತ್ತಿ 70 ಕಿಲೋಹರ್ಟ್ಜ್‌ನಲ್ಲಿ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಹಾಯಿಸಿ ಹರಳು ಗುರುತಿಸುವ ಪರೀಕ್ಷೆ) ನಾಸಿಕಾನ್ ಗೆರೆಗಳೆಲ್ಲ ಇವೆ, ಆದರೆ 28.2 ಡಿಗ್ರಿಯಲ್ಲಿ ಒಂದು ಸಣ್ಣ ಗೆರೆ ಹೆಚ್ಚಿಗೆ ಇದೆ.

ಈ ವಸ್ತುವೇ ಸರಿಯಾಗಿ ಆಗಿಲ್ಲವೋ, ಅಳತೆಯಲ್ಲಿ ತಪ್ಪೋ? ಸ್ಕ್ಯಾಂಡಿಯಂ ಸೇರಿಸಿ ನೋಡಿ ಎಂದು ಒಬ್ಬರು ಹೇಳಿದರು. ಅದರ ಬೆಲೆ ಕೇಳಿ ಸುಮ್ಮನಾದೆ.


ಗುಮ್ಮಟದ_ಪ್ರತಿಧ್ವನಿ, ವಿಜಯಪುರ

ಸ್ಕ್ಯಾಂಡಿಯಂ ಸುದ್ದಿ ಸದ್ಯಕ್ಕ ಬ್ಯಾಡ್ರಿ. ನಿಮ್ಮ ನಾಸಿಕಾನ್ ಒಳಗ ಚಲೋನ ಅದ. ನಿಮ್ಮ ಅಂಕಿನ ಅದನ್ನ ಹೇಳ್ತಾವ, ನೋಡ್ರಿ.

2400 ಓಮ್ ತಗೊಂಡು ಭಾಗಿಸಿದ್ರಿ. 0.12 ಸೆಂ.ಮೀ ದಪ್ಪ, 0.95 ಚದರ ಸೆಂ.ಮೀ ಕ್ಷೇತ್ರ, 0.053 ಬಂತು. ಲೆಕ್ಕ ಬರೋಬ್ಬರಿ ಅದ. ಆದ್ರ ಅದು ಒಟ್ಟು ರೋಧ. ಅದರಾಗ ಎರಡು ಪಾಲು ಅವ: ಗ್ರೇನಿನ (ಸಣ್ಣ ಹರಳಿನ) ಒಳಗಿನ ರೋಧ 190 ಓಮ್, ಗ್ರೇನ್ ಬೌಂಡರಿದು (ಹರಳು-ಹರಳು ಕೂಡೂ ಗಡಿದು) ಉಳಿದ 2210. 190 ಇಟ್ಟು ಅದ ಲೆಕ್ಕ ಮಾಡ್ರಿ, 0.66 ಮಿಲಿಸೀಮೆನ್ಸ್ ಬರ್ತದ. ಅಂದ್ರ ಸೋಡಿಯಂ ಅಯಾನು ಹರಳಿನ ಒಳಗ ಆರಾಮ ಓಡಾಡ್ತದ, ಒಂದು ಹರಳಿನಿಂದ ಇನ್ನೊಂದಕ್ಕ ದಾಟೂ ಕಡೆ ಸಿಗ್ಬೀಳ್ತದ.

ಆ ಅರ್ಧವೃತ್ತ ಗ್ರೇನ್ ಬೌಂಡರಿದು ಅಂತ ಹೆಂಗ ಗೊತ್ತಾತು ಅಂದ್ರ, ಕೆಪಾಸಿಟೆನ್ಸ್ ನೋಡಿ. ನೆತ್ತಿ 70 ಕಿಲೋಹರ್ಟ್ಜ್, ರೋಧ 2210 ಓಮ್. 1ನ್ನು 2 ಪೈ, ಆವರ್ತನ, ರೋಧ ಮೂರರ ಗುಣಲಬ್ಧದಿಂದ ಭಾಗಿಸಿದ್ರ ಸುಮಾರು 1 ನ್ಯಾನೊಫ್ಯಾರಡ್. ಗ್ರೇನ್ ಒಳಗಿಂದು ಇದ್ರ 1ರಿಂದ 10 ಪಿಕೊಫ್ಯಾರಡ್ ಇರ್ತಿತ್ತು. ಎಲೆಕ್ಟ್ರೋಡ್‌ದು ಇದ್ರ ಮೈಕ್ರೊಫ್ಯಾರಡ್ ಕಡೆ ಹೋಗ್ತಿತ್ತು. ನ್ಯಾನೊಫ್ಯಾರಡ್ ಅಂದ್ರ ಗ್ರೇನ್ ಬೌಂಡರಿ. ಯಾವ ಸ್ಪೆಕ್ಟ್ರಮ್ ಬಂದ್ರೂ ರೋಧ ಬರಿಯೂಕ್ಕಿಂತ ಮೊದಲ ಈ ಒಂದು ಭಾಗಾಕಾರ ಮಾಡೂ ರೂಢಿ ಇಟ್ಕೋರಿ.

ಗ್ರೇನಿನ ಅರ್ಧವೃತ್ತ ಯಾಕ ಕಾಣವಲ್ದು? 190 ಓಮ್‌ಗೆ 10 ಪಿಕೊಫ್ಯಾರಡ್ ಹಿಡಿದ್ರ ಅದರ ನೆತ್ತಿ 84 ಮೆಗಾಹರ್ಟ್ಜ್‌ನಾಗ ಇರ್ತದ. ನಿಮ್ಮ ಉಪಕರಣ 1 ಮೆಗಾಹರ್ಟ್ಜ್‌ಗೆ ನಿಂತ್ಬಿಡ್ತದ. ಹಂಗಾಗಿ ಅದು ಎಡತುದಿಯೊಳಗ ಬರೇ ಒಂದು ಅಂಕಿ ಆಗಿ ಕುಂತದ. ಭಾಳ ಮಂದಿ ಆ ಒಂದ ಅರ್ಧವೃತ್ತ ನೋಡಿ "ಇದ ಗ್ರೇನ್" ಅಂತ ಬರದುಬಿಡ್ತಾರ. ವಸ್ತುವಿನ ಮ್ಯಾಲ ತಪ್ಪು ಹೊರಿಸೂದು ಅಲ್ಲಿಂದನ ಶುರು.

ಒಂದು ಸಂಶಯ ಉಳಿತದ: ಸಿಲ್ವರ್ ಪೇಸ್ಟ್ ಸರಿ ಹತ್ತಿಲ್ಲ ಅಂದ್ರೂ ಹಿಂಗ ಒಂದು ಕಮಾನು ಬರಬಹುದು. ಅದಕ್ಕ ಪರೀಕ್ಷೆ ಅಗ್ಗದ್ದ ಅದ. ಅದ ಪೆಲೆಟ್ ಒರಸಿ, ಉಜ್ಜಿ 1.20ರಿಂದ 0.80 ಮಿ.ಮೀಗೆ ತರ್ರಿ. ಹೊಸದಾಗಿ ಪೇಸ್ಟ್ ಹಚ್ಚಿ ಅಳೀರಿ. ರೋಧ 1600ರ ಹತ್ರ ಬಂದ್ರ ಅದು ಪೆಲೆಟ್ಟಿಂದ. ಕಮಾನು ಹಂಗ ಇದ್ದು ಎಡತುದಿ ಅಷ್ಟ ಸರಿದ್ರ ಅದು ಪೇಸ್ಟಿಂದು.

ಉಜ್ಜೂ ಮುಂದ ನೀರು ಹಾಕಬ್ಯಾಡ್ರಿ. ಎಮರಿ ಹಾಳಿ 400, 800, 1200, ಒಣದಾಗೇ ಇಲ್ಲಾ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ. ಪೇಸ್ಟ್ ಅಂಚಿಗೆ ಹರೀಲಾರದಂಗ ಅರ್ಧ ಮಿ.ಮೀ ಬಿಡ್ರಿ, 150 ಡಿಗ್ರಿಗೆ ಒಂದು ತಾಸು ಒಣಗಸ್ರಿ. ಪಕ್ಕಕ್ಕ ಒಂದು ಗೆರಿ ಹರಿದ್ರೂ ಎರಡೂ ಮಾರಿ ಕೂಡಿ ಶಾರ್ಟ್ ಆಗ್ತದ, ಆವಾಗ ಭಾರಿ ವಾಹಕತೆ ಬಂತಂತ ಸುಮ್ಮನ ಖುಷಿ ಪಡ್ತೀರಿ.


ಇಳಕಲ್_ಸೆರಗು, ಬಾಗಲಕೋಟೆ

ಮೇಲಿನವರು ರೋಗ ಎಲ್ಲಿದೆ ಎಂದು ತೋರಿಸಿದ್ದಾರೆ. ಅದು ಅಲ್ಲಿಗೆ ಹೇಗೆ ಬಂತು ಎಂಬುದು ನಿಮ್ಮ ತೂಕದ ಪಟ್ಟಿಯಲ್ಲೇ ಇದೆ ಎಂದು ನನ್ನ ಅಂದಾಜು.

ಮೊದಲು ಸಾಂದ್ರತೆ. 0.317 ಗ್ರಾಂ, 0.114 ಘನ ಸೆಂ.ಮೀ, ಅಂದರೆ 2.78. ಈ ವಸ್ತುವಿನ ಪೂರ್ಣ ಸಾಂದ್ರತೆ 3.27. ಶೇ. 85 ಆಯಿತು. ಇಷ್ಟು ಕಡಿಮೆಯಿದ್ದರೆ ಒಳಗಿನ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಅವು ಮುಚ್ಚಿಕೊಳ್ಳುವುದು ಶೇ. 92 ದಾಟಿದ ಮೇಲೆ. ಒಂದು ರದ್ದಿ ಪೆಲೆಟ್ ಮೇಲೆ ಮಾರ್ಕರ್ ಶಾಯಿಯನ್ನು ಆಲ್ಕೋಹಾಲ್‌ನಲ್ಲಿ ಕದಡಿ ಒಂದು ಹನಿ ಬಿಡಿ. ಹನಿ ಹಾಗೇ ನಿಂತರೆ ರಂಧ್ರ ಮುಚ್ಚಿವೆ. ಒದ್ದೆ ಮಣ್ಣಿನ ಹಾಗೆ ಹೀರಿಕೊಂಡು ಆ ಕಡೆ ಮುಖದಲ್ಲಿ ಬಣ್ಣ ಕಂಡರೆ ಅಳತೆಗೆ ಕೂರಿಸುವ ಮಾತೇ ಬೇಡ. ನಿಮ್ಮದು ಹೀರಿಕೊಳ್ಳುತ್ತದೆ, ಬರೆದಿಟ್ಟುಕೊಳ್ಳಿ.

ಈಗ 28.2 ಡಿಗ್ರಿಯ ಗೆರೆ. ಅದು ಮೊನೊಕ್ಲಿನಿಕ್ (ಓರೆ ಆಕಾರದ ಹರಳಿನ) ಜಿರ್ಕೋನಿಯಾ. ಅದರ ಇನ್ನೊಂದು ಗೆರೆ 31.5ರಲ್ಲಿ ಬರುತ್ತದೆ, ಆದರೆ ಆ ಜಾಗದ ಸುತ್ತ ನಾಸಿಕಾನ್ ಗೆರೆಗಳೇ ಕಿಕ್ಕಿರಿದಿರುವುದರಿಂದ 28.2ನ್ನೇ ನಂಬಿ. ಜಿರ್ಕೋನಿಯಾ ಉಳಿದಿದೆ ಎಂದರೆ ಅದರ ಜೊತೆ ಕೂಡಬೇಕಾದ ಸೋಡಿಯಂ, ಫಾಸ್ಫೇಟ್ ಸಾಲದೆ ಹೋಗಿವೆ. ಕೂಡದೆ ಉಳಿದ ಜಿರ್ಕೋನಿಯಾವೂ ಗಾಜಿನಂಥ ಸಿಲಿಕೇಟೂ ಗ್ರೇನ್‌ಗಳ ನಡುವೆ ಹೋಗಿ ಕೂರುತ್ತವೆ. ಅಯಾನಿಗೆ ಅಡ್ಡಗಟ್ಟೆ ಅದೇ.

ಶೇ. 10 ಹೆಚ್ಚುವರಿ ಹಾಕಿದ್ದೀರಲ್ಲ, ಆದರೂ ಯಾಕೆ ಸಾಲಲಿಲ್ಲ? ಸೋಡಿಯಂ ಕಾರ್ಬೊನೇಟನ್ನು ಒಣಗಿಸಿ ತೂಗಿದಿರಾ? ನೀವು ಬರೆದಿಲ್ಲ. ಬೆಳಗಾವಿಯ ಮಳೆಗಾಲದ ಹವೆಯಲ್ಲಿ ತೆರೆದ ಡಬ್ಬಿಯ ಸೋಡಾ (ಅದೇ ಸೋಡಿಯಂ ಕಾರ್ಬೊನೇಟ್) ತೇವ ಹೀರಿ ಮೊನೊಹೈಡ್ರೇಟ್ (ಒಂದು ಅಣು ನೀರು ಕೂಡಿದ್ದು) ಆಗುತ್ತಾ ಹೋಗುತ್ತದೆ. ಪೂರ್ತಿ ಆದರೆ 124 ಗ್ರಾಂನಲ್ಲಿ 18 ಗ್ರಾಂ ಬರೀ ನೀರು, ಶೇ. 14.5. ನೀವು ಶೇ. 10 ಹೆಚ್ಚು ಹಾಕಿದಿರಿ, ನೀರು ಅದಕ್ಕಿಂತ ಹೆಚ್ಚು ತಿಂದುಹಾಕಿತು. ಕೈಯಲ್ಲಿ ಹಿಡಿದರೆ ಒಣಗಿದ ಪುಡಿಯಂತೆಯೇ ಕಾಣುತ್ತದೆ, ಅದೇ ಮೋಸ.

ಪರೀಕ್ಷೆ: ಆ ಡಬ್ಬಿಯಿಂದ 5.000 ಗ್ರಾಂ ತೂಗಿ, ಅಗಲವಾದ ಪಿಂಗಾಣಿ ಬಟ್ಟಲಲ್ಲಿ ಹರಡಿ 250 ಡಿಗ್ರಿಗೆ 4 ಗಂಟೆ ಇಡಿ. ಡೆಸಿಕೇಟರ್‌ನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ತಣಿಸಿ ಮತ್ತೆ ತೂಗಿ. 110 ಡಿಗ್ರಿಯ ಓವನ್‌ನಲ್ಲಿ ಮಾಡಿ ಮುಗಿಸಬೇಡಿ. ಬೈಕಾರ್ಬೊನೇಟ್ ಅಂಶವಿದ್ದರೆ ಅದೂ ಪೂರ್ತಿ ಹೋಗಲು 250 ಬೇಕು. ಸಿಲಿಕಾ ನಯವಾದ ಬಗೆಯದಾಗಿದ್ದರೆ ಅದೂ ನೀರು ಹಿಡಿದಿರುತ್ತದೆ, 500 ಡಿಗ್ರಿಗೆ 2 ಗಂಟೆ ಇಡಿ. ಫಾಸ್ಫೇಟನ್ನು ಮಾತ್ರ 100 ದಾಟಿಸಬೇಡಿ. 190ರ ಸುಮಾರಿಗೆ ಕರಗಿ ಅಮೋನಿಯಾ ಬಿಡಲು ಶುರು ಮಾಡುತ್ತದೆ.

ಎರಡನೆಯ ತಪ್ಪು ಅಗೇಟ್ ಖಲ್ಲು. 1100ರಿಂದ ಹೊರಬಂದ ಪುಡಿ ಸಣ್ಣದಾಗಿ ಕಂಡರೂ ಗಟ್ಟಿ ಉಂಡೆಗಳ ರಾಶಿ. ಒಂದು ಗಂಟೆ ಕೈಯಲ್ಲಿ ಅರೆದರೆ ಉಂಡೆ ಒಡೆಯುವುದಿಲ್ಲ, ತೋಳು ನೋಯುತ್ತದೆ ಅಷ್ಟೆ. ಮತ್ತೆ ಬಾಲ್ ಮಿಲ್‌ಗೇ ಹಾಕಿ: ಗುಂಡು ಹತ್ತು ಪಾಲು, ಪುಡಿ ಒಂದು ಪಾಲು, ಆಲ್ಕೋಹಾಲ್ ಮುಳುಗುವಷ್ಟು, 12ರಿಂದ 24 ಗಂಟೆ. 20 ನಿಮಿಷ ಓಡಿಸಿ 10 ನಿಮಿಷ ಬಿಡುವು ಕೊಡಿ, ಜಾರ್ ಕಾಯಬಾರದು. ನೀರಿನಲ್ಲಿ ಮಾತ್ರ ಬೇಡ. ಮೊದಲ ಸುತ್ತಿನಲ್ಲಿ ನೀರು ಹಾಕಿದರೆ ಸೋಡಾ ಕರಗುತ್ತದೆ, ಒಣಗುವಾಗ ಬಟ್ಟಲಿನ ಅಂಚಿಗೆ ಉಪ್ಪಿನ ಗೆರೆಯಾಗಿ ಏರಿ ಕೂರುತ್ತದೆ. ಎರಡನೆಯ ಸುತ್ತಿನಲ್ಲಿ ಹಾಕಿದರೆ ನಾಸಿಕಾನ್ ಮೇಲ್ಮೈಯಿಂದಲೇ ಸೋಡಿಯಂ ಸೋರುತ್ತದೆ.

ಮೂರನೆಯದು, ಮೂಸೆಯಲ್ಲಿ ಬರಿದೇ ಇಟ್ಟಿದ್ದು. 1200 ದಾಟಿದರೆ ಸೋಡಿಯಂ, ಫಾಸ್ಫರಸ್ ಎರಡೂ ಹಾರತೊಡಗುತ್ತವೆ, ಅಲ್ಯುಮಿನಾ ಮೂಸೆಯೂ ತಾಗಿದಲ್ಲೆಲ್ಲ ಸೋಡಿಯಂ ಎಳೆದುಕೊಳ್ಳುತ್ತದೆ. ಅದೇ ನಾಸಿಕಾನ್ ಪುಡಿಯನ್ನು ಮೂಸೆಯ ತಳಕ್ಕೆ 3 ಮಿ.ಮೀ ಹಾಸಿ, ಪೆಲೆಟ್ ಇಟ್ಟು, ಮೇಲೆ ಪೂರ್ತಿ ಮುಚ್ಚುವಷ್ಟು ಸುರಿದು, ಮುಚ್ಚಳ ಹಾಕಿ. ಹಾಸಿಗೆಗೆ ಹಾಳಾದ ಪೆಲೆಟ್‌ಗಳನ್ನು ಕುಟ್ಟಿ ಬಳಸಿದರೂ ನಡೆಯುತ್ತದೆ, ಆದರೆ ಆ ಪುಡಿ ನಾಲ್ಕೈದು ಸಲಕ್ಕೆ ಸತ್ತುಹೋಗುತ್ತದೆ, ಬದಲಿಸುತ್ತಿರಿ.

ಒತ್ತಡ 2 ಟನ್ ಎಂದರೆ 13 ಮಿ.ಮೀ ಡೈಯಲ್ಲಿ ಸುಮಾರು 150 ಮೆಗಾಪ್ಯಾಸ್ಕಲ್. 2.7 ಟನ್ ಮಾಡಿ, 200 ಆಗುತ್ತದೆ. ಒಲೆಗೆ ಹಾಕುವ ಮೊದಲೇ ಹಸಿ ಪೆಲೆಟ್ ಅಳೆಯಿರಿ: 0.4 ಗ್ರಾಂ ಪುಡಿಗೆ ದಪ್ಪ 1.7 ಮಿ.ಮೀ ಒಳಗೆ ಬಂದರೆ ಶೇ. 55, ಮುಂದುವರಿಯಿರಿ. 1.85 ಬಂದರೆ ಶೇ. 50 ಕೂಡ ಇಲ್ಲ. ಅದನ್ನು ಸುಟ್ಟು ಸಮಯ ಹಾಳುಮಾಡಬೇಡಿ, ಪುಡಿಯನ್ನು ವಾಪಸ್ ಮಿಲ್‌ಗೆ ಹಾಕಿ.


ಮಾರ್ಕಂಡೇಯ_ದಂಡೆ, ಬೆಳಗಾವಿ

ಸೋಡಾ ತೂಗಿ ನೋಡಿದೆ. 5.000 ಗ್ರಾಂ ಹಾಕಿದ್ದು 4.38 ಆಗಿ ಬಂತು. ಶಾಯಿ ಹನಿ ಹತ್ತು ಸೆಕೆಂಡಿನಲ್ಲಿ ಮಾಯ. ಉಜ್ಜಿದ ಪೆಲೆಟ್ 0.80 ಮಿ.ಮೀಗೆ 1630 ಓಮ್ ಕೊಟ್ಟಿತು, ಹಾಗಾಗಿ ಪೇಸ್ಟ್ ತಪ್ಪಲ್ಲ.

ಎರಡು ಪ್ರಶ್ನೆ ಉಳಿದಿವೆ. ಒಣಗಿಸುವ ರಗಳೆಯೇ ಬೇಡವೆಂದು ಹೆಚ್ಚುವರಿ ಸೋಡಿಯಂ ಶೇ. 25ಕ್ಕೆ ಏರಿಸಿದರೆ ಆಗದೇ? ಅಯಾನು ಜಾಸ್ತಿ ಇದ್ದಷ್ಟೂ ವಾಹಕತೆ ಜಾಸ್ತಿ ಆಗಬೇಕಲ್ಲ? ಇನ್ನೊಂದು, ಸುಡುವ ಉಷ್ಣತೆಯನ್ನು 1250 ಮಾಡಬಹುದೇ?


ಇಳಕಲ್_ಸೆರಗು, ಬಾಗಲಕೋಟೆ

ಶೇ. 12.4 ಹೋಗಿದೆ. ಅಂದರೆ ನೀವು ತೂಗಿದ 3.296 ಗ್ರಾಂನಲ್ಲಿ ನಿಜವಾದ ಸೋಡಾ 2.887 ಮಾತ್ರ. ಹೆಚ್ಚುವರಿ ಏನೂ ಇಲ್ಲದೆ ಬೇಕಾದದ್ದೇ 2.997. ಶೇ. 10 ಹೆಚ್ಚು ಎಂದುಕೊಂಡದ್ದು ಶೇ. 3.7 ಕೊರತೆಯಾಗಿತ್ತು. ಅದರ ಮೇಲೆ ಒಲೆಯಲ್ಲಿ ಹಾರಿಹೋದದ್ದು ಬೇರೆ.

ಶೇ. 25 ಬೇಡ. ನಮ್ಮ ಕಡೆ ಹುಲಿ-ಕುರಿ ಆಟ ಆಡುತ್ತಾರಲ್ಲ, ಗೆರೆಗಳು ಕೂಡುವ ಚುಕ್ಕೆಗಳ ಮೇಲೆ ಕಾಯಿ ನಡೆಸುವುದು. ಪಕ್ಕದ ಚುಕ್ಕೆ ಖಾಲಿ ಇದ್ದರೆ ಮಾತ್ರ ಕುರಿ ಸರಿಯುತ್ತದೆ. ನಾಸಿಕಾನ್ ಚೌಕಟ್ಟಿನಲ್ಲಿ ಒಂದು ಸೂತ್ರಕ್ಕೆ ಸೋಡಿಯಂ ಕೂರಬಹುದಾದ ಚುಕ್ಕೆಗಳು ನಾಲ್ಕು: ಒಂದನೇ ಬಗೆಯದು ಒಂದು, ಎರಡನೇ ಬಗೆಯವು ಮೂರು. ಸಿಲಿಕಾನ್ ಇಲ್ಲದ ಶುದ್ಧ ಫಾಸ್ಫೇಟಿನಲ್ಲಿ ಸೋಡಿಯಂ ಒಂದೇ, ಅದು ತನ್ನ ಚುಕ್ಕೆಯಲ್ಲಿ ಭದ್ರವಾಗಿ ಕೂತಿರುತ್ತದೆ. ಪೂರ್ತಿ ಸಿಲಿಕೇಟ್ ಮಾಡಿದರೆ ನಾಲ್ಕೂ ಭರ್ತಿ, ಸರಿಯಲು ಜಾಗವಿಲ್ಲ. ಎರಡೂ ತುದಿಯಲ್ಲಿ ವಾಹಕತೆ ಕೆಟ್ಟದ್ದು. 1976ರಲ್ಲಿ ಹಾಂಗ್ ಮತ್ತು ಗುಡ್‌ಇನಫ್ ಈ ಸರಣಿಯನ್ನು ಪ್ರಕಟಿಸಿದಾಗಿನಿಂದ ನಡುವಿನ ಜಾಗಕ್ಕೇ ಬೆಲೆ: ನಾಲ್ಕು ಚುಕ್ಕೆಗೆ ಮೂರು ಸೋಡಿಯಂ, ಇಲ್ಲವೇ ಅದಕ್ಕಿಂತ ತುಸು ಹೆಚ್ಚು.

ಆ ತುಸು ಹೆಚ್ಚನ್ನು ಕೂರಿಸಲು ಸೋಡಾ ಸುರಿದರೆ ಸಾಲದು. ಒಂದು ಫಾಸ್ಫರಸ್ ತೆಗೆದು ಸಿಲಿಕಾನ್ ಇಟ್ಟಾಗ ಮಾತ್ರ ವಿದ್ಯುದಂಶದ ಲೆಕ್ಕ ಸರಿಹೋಗಲು ಇನ್ನೊಂದು ಸೋಡಿಯಂ ಒಳಗೆ ಬರುತ್ತದೆ. ಹಾಗೆ ಕೂರದ ಸೋಡಿಯಂ ಸಿಲಿಕಾ, ಫಾಸ್ಫೇಟ್ ಜೊತೆ ಸೇರಿ ಗಾಜಾಗಿ ಗ್ರೇನ್ ಸುತ್ತ ಹರಿಯುತ್ತದೆ. ಸ್ವಲ್ಪ ಇದ್ದರೆ ಅದೇ ಗಾಜು ಪೆಲೆಟ್ ಗಟ್ಟಿಯಾಗಲು ಸಹಾಯ ಮಾಡುತ್ತದೆ, ಹೆಚ್ಚಾದರೆ ಹಾಸಿಗೆ ಪುಡಿಗೆ ಅಂಟಿಕೊಳ್ಳುತ್ತದೆ, ಹೊರಗಿಟ್ಟ ಎರಡು ದಿನಕ್ಕೆ ಪೆಲೆಟ್ ಮೇಲೆ ಬಿಳಿ ಬೂಷ್ಟಿನಂತೆ ಕಾರ್ಬೊನೇಟ್ ಮೂಡುತ್ತದೆ. ಒಣ ಸೋಡಾದಲ್ಲಿ ಶೇ. 10, ಫಾಸ್ಫೇಟ್ ಶೇ. 5 (2.276 ಗ್ರಾಂ) ಹೆಚ್ಚುವರಿ ಸಾಕು. ಶೇ. 15 ದಾಟಬೇಡಿ.

ಇದು ಸರಿಯಾದ ಮೇಲೆ ಸ್ಕ್ಯಾಂಡಿಯಂ ಇಲ್ಲದೆಯೂ ಮುಂದೆ ಹೋಗಬಹುದು. ಸೋಡಿಯಂ 3.4, ಸಿಲಿಕಾನ್ 2.4, ಫಾಸ್ಫರಸ್ 0.6 ಎಂಬ ಅಳತೆಗೆ ಜರ್ಮನಿಯ ಯೂಲಿಷ್ ಸಂಶೋಧನಾ ಕೇಂದ್ರದವರು 2019ರಲ್ಲಿ 25 ಡಿಗ್ರಿಗೆ 5 ಮಿಲಿಸೀಮೆನ್ಸ್ ತೋರಿಸಿದ್ದಾರೆ. ಬೇಕಾದ ರಾಸಾಯನಿಕ ಎಲ್ಲ ನಿಮ್ಮ ಕಪಾಟಿನಲ್ಲೇ ಇವೆ.

1250ರ ಬಗ್ಗೆ: ಜಿರ್ಕೋನಿಯಾ ಎಲ್ಲಿಂದ ಬಂತು ಎಂದು ತಿಳಿಯದೆ ಉಷ್ಣತೆ ಮುಟ್ಟಬೇಡಿ. 1100ರ ಪುಡಿಯ ಎಕ್ಸ್‌ಆರ್‌ಡಿಯಲ್ಲೇ 28.2 ಇದ್ದರೆ ತಪ್ಪು ತೂಕದ್ದು ಅಥವಾ ಬೆರಕೆಯದ್ದು. ಪುಡಿ ಸ್ವಚ್ಛವಿದ್ದು ಪೆಲೆಟ್ ಮುಖದಲ್ಲಿ ಮಾತ್ರ ಇದ್ದರೆ ಹಾರಿಹೋದದ್ದು, ಮುಖವನ್ನು 0.2 ಮಿ.ಮೀ ಉಜ್ಜಿ ಮತ್ತೆ ತೆಗೆದರೆ ಗೆರೆ ಕುಗ್ಗಬೇಕು. ಮೊದಲ ಬಗೆಯದಕ್ಕೆ ಉಷ್ಣತೆ ಏರಿಸಿದರೆ ಏನೂ ಸುಧಾರಿಸದು, ಎರಡನೆಯದಕ್ಕೆ ಏರಿಸಿದರೆ ಇನ್ನಷ್ಟು ಕೆಡುತ್ತದೆ. ಪುಡಿ ಸಣ್ಣದಾಗಿ, ಹಾಸಿಗೆಯಲ್ಲಿ ಹುದುಗಿದ್ದರೆ 1220–1230ಕ್ಕೆ 10 ಗಂಟೆಯಲ್ಲಿ ಶೇ. 94–95 ಸಿಗಬೇಕು, ವ್ಯಾಸ 10.8 ಮಿ.ಮೀ ಆಸುಪಾಸು.


ಉದ್ಯಮಬಾಗ_ಲೇತ್, ಬೆಳಗಾವಿ

ಅದೆಲ್ಲಾ ಖರೆ, ಆದರೆ ನಿಮ್ಮ ಒಲೆಯ 1200 ನಿಜವಾಗಿ 1200 ಐತೇನು? ಕಾಲೇಜುಗಳಲ್ಲಿ ಇರುವ ಬಹುತೇಕ ಮಫಲ್ ಫರ್ನೇಸ್ ಕ್ಯಾಂಥಾಲ್ ತಂತಿಯವು, ಕೆ ಬಗೆಯ ಥರ್ಮೊಕಪಲ್ (ಉಷ್ಣತೆ ಅಳೆಯುವ ತಂತಿಜೋಡಿ). ಅದನ್ನು 1200ರ ಮ್ಯಾಲೆ ತಾಸುಗಟ್ಟಲೆ ಇಟ್ಟರೆ ತಂತಿ ಸವೆದು ಓದು ಜಾರುತ್ತದೆ. ಎಷ್ಟೋ ಸಲ ನಿಜವಾದ ಉಷ್ಣತೆಗಿಂತ ಕಡಿಮೆ ತೋರಿಸ್ತದೆ, ಒಲೆ ಅದನ್ನೇ ನಂಬಿ ಇನ್ನಷ್ಟು ಕಾಯಿಸ್ತದೆ. ಸೋಡಿಯಂ ಆವಿ ಇದ್ದರಂತೂ ಇನ್ನೂ ಬೇಗ. ಈ ಕೆಲಸಕ್ಕೆ ಸಿಲಿಕಾನ್ ಕಾರ್ಬೈಡ್ ರಾಡಿನ ಒಲೆ, ಎಸ್ ಬಗೆಯ ಥರ್ಮೊಕಪಲ್ ಬೇಕು.

ತಪಾಸಣೆಗೆ ಅಕ್ಕಸಾಲಿಗರ ಹತ್ತಿರ 24 ಕ್ಯಾರಟ್ ಚಿನ್ನದ ತಂತಿ 10 ಮಿಲಿಗ್ರಾಂ ತಗೊಳ್ಳಿ. ಅಲ್ಯುಮಿನಾ ತುಂಡಿನ ಮೇಲೆ, ಪೆಲೆಟ್ ಇಡುವ ಜಾಗದಲ್ಲೇ ಇಟ್ಟು 1050ಕ್ಕೆ ಏರಿಸಿ, ಅಲ್ಲಿಂದ 3 ಡಿಗ್ರಿ ಏರಿಸಿ 10 ನಿಮಿಷ ನಿಲ್ಲಿಸಿ, ಹೀಗೆ ಮೆಲ್ಲಗೆ ಹೋಗಿ. ತಂತಿ ಗುಂಡಗೆ ಮಣಿಯಾದಾಗ ಅಲ್ಲಿ ನಿಜವಾಗಿ 1064 ಆಗಿದೆ. ಡಿಸ್ಪ್ಲೇ ಏನು ತೋರಿಸ್ತಿತ್ತೋ ಅದರ ವ್ಯತ್ಯಾಸ ಬರೆದಿಡಿ. ಬೆಳ್ಳಿ ಬೇಡ, ಗಾಳಿಯಲ್ಲಿ ಆಕ್ಸಿಜನ್ ಹೀರಿ 962ಕ್ಕಿಂತ ಮೊದಲೇ ಕರಗುತ್ತದೆ. ಚಿನ್ನದ ಮಣಿಯನ್ನು ಮತ್ತೆ ಬಳಸಬಹುದು, ಕಳೆದುಕೊಳ್ಳಬೇಡಿ ಅಷ್ಟೇ.

ಡೈ ಬಗ್ಗೆ. ಒತ್ತಡ ಏರಿಸಿದ ಕೂಡಲೇ ಪೆಲೆಟ್ ಚಿರೋಟಿಯ ಹಾಗೆ ಪದರ ಬಿಚ್ಚಿಕೊಂಡರೆ ಪುಡಿಯನ್ನು ಬಯ್ಯುವ ಮೊದಲು ಡೈ ನೋಡಿ. ಒಳಗಿನ ಗಾಳಿ ಹೊರಗೆ ಹೋಗಲು ಪಂಚ್ ಮತ್ತು ಡೈ ನಡುವೆ 20–30 ಮೈಕ್ರಾನ್ ಸಂದು ಬೇಕು. ಹೊರಬೀಳುವ ಬಾಯಿಗೆ ಅರ್ಧ ಡಿಗ್ರಿ ಇಳಿಜಾರು ಕೊಡಿಸಿ. ಚೂಪು ಅಂಚಿದ್ದರೆ ಪೆಲೆಟ್ ಅರ್ಧ ಹೊರಗೆ ಬಂದಾಗಲೇ ಹಿಗ್ಗಿ ಕತ್ತರಿಸಿದಂತಾಗುತ್ತದೆ. ಡಿ2 ಸ್ಟೀಲು, 58–60 ರಾಕ್‌ವೆಲ್ ಗಡಸು, ಒಳಮೈ ಲ್ಯಾಪ್ ಮಾಡಿಸಿದ್ದು ಎಂದು ಹೇಳಿ, ಉದ್ಯಮಬಾಗದಲ್ಲಿ ಮಾಡಿಕೊಡುತ್ತಾರೆ. ಡೈ ಗೋಡೆಗೆ ಅಸಿಟೋನ್‌ನಲ್ಲಿ ಕದಡಿದ ಸ್ಟಿಯರಿಕ್ ಆಮ್ಲ ತೆಳ್ಳಗೆ ಸವರಿ. ಒತ್ತಿ 2 ನಿಮಿಷ ಹಿಡಿದು, ಬಿಡುವಾಗ ಅರ್ಧ ನಿಮಿಷ ತೆಗೆದುಕೊಳ್ಳಿ. ಒಮ್ಮೆಲೇ ವಾಲ್ವ್ ತಿರುವಿದರೆ ಪದರ ಖಾತ್ರಿ.

ಮತ್ತೆ ಕರೆಂಟು. 10 ತಾಸಿನ ನಡುವೆ ಹೋಗಿ ಬಂದರೆ ಕೆಲವು ಕಂಟ್ರೋಲರ್ ಕಾರ್ಯಕ್ರಮವನ್ನು ಮೊದಲಿನಿಂದ ಓಡಿಸುತ್ತವೆ, ಪೆಲೆಟ್ 20 ತಾಸು ಬೆಂದು ಸೋಡಿಯಂ ಖಾಲಿ. ಇದ್ದ ಉಷ್ಣತೆಯಿಂದಲೇ ಮುಂದುವರಿಯುವ ಆಯ್ಕೆ ಸೆಟ್ಟಿಂಗ್‌ನಲ್ಲಿ ಇರುತ್ತದೆ, ಮೊದಲೇ ಹಾಕಿಡಿ. ತಣಿಸುವಾಗ ನಿಮಿಷಕ್ಕೆ 3 ಡಿಗ್ರಿಗಿಂತ ಬೇಗ ಬೇಡ. ನಾಸಿಕಾನ್ ಹರಳು ಎಲ್ಲಾ ದಿಕ್ಕಿಗೆ ಒಂದೇ ಸಮ ಕುಗ್ಗುವುದಿಲ್ಲ, ಗ್ರೇನ್ ದೊಡ್ಡದಾಗಿದ್ದರೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತವೆ. ಆ ಬಿರುಕು ಕೂಡ ನಿಮ್ಮ ಇಂಪಿಡೆನ್ಸ್‌ನಲ್ಲಿ ಗ್ರೇನ್ ಬೌಂಡರಿ ವೇಷ ಹಾಕಿಕೊಂಡೇ ಬರುತ್ತದೆ.


ಆಲಮಟ್ಟಿ_ಗೇಟ್, ವಿಜಯಪುರ

ನಡುವೆ ಬಾಯಿ ಹಾಕ್ತಿದ್ದೇನೆ. ಇಷ್ಟೆಲ್ಲಾ ಸುಡುವ ಬದಲು ಸಲ್ಫೈಡ್ ಯಾಕೆ ಬೇಡ? ತಣ್ಣಗೆ ಒತ್ತಿದರೇ ಗ್ರೇನ್ ಬೌಂಡರಿ ಕೂಡಿಕೊಳ್ಳುತ್ತದೆ. ಬೆಳಗಾವಿಯಲ್ಲಿ ಹಿಂಡಾಲ್ಕೊ ಅಲ್ಯುಮಿನಾ ಕಾರ್ಖಾನೆಯೇ ಇದೆ, ಬೀಟಾ ಅಲ್ಯುಮಿನಾ ಕಡೆಗಾದರೂ ಹೋಗಬಹುದಲ್ಲ?


ಇಳಕಲ್_ಸೆರಗು, ಬಾಗಲಕೋಟೆ

ಸಲ್ಫೈಡ್ ಮೆದು, ಒತ್ತಿದರೆ ಕೂಡುತ್ತದೆ, ನಿಜ. 2012ರಲ್ಲಿ ಜಪಾನಿನ ಒಸಾಕಾದಿಂದ ಬಂದ ಸೋಡಿಯಂ ಥಯೋಫಾಸ್ಫೇಟ್ 0.2 ಮಿಲಿಸೀಮೆನ್ಸ್ ಕೊಟ್ಟಿತ್ತು. 2019ರಲ್ಲಿ ಅಲ್ಲಿನವರೇ ಆಂಟಿಮನಿ ಇರುವ ಸಲ್ಫೈಡಿಗೆ ಟಂಗ್‌ಸ್ಟನ್ ಸೇರಿಸಿ 32ಕ್ಕೆ ಒಯ್ದರು. ಅಂಕಿಯಲ್ಲಿ ನಾಸಿಕಾನ್ ಹತ್ತಿರವೂ ಇಲ್ಲ. ಆದರೆ ಥಯೋಫಾಸ್ಫೇಟ್ ಬಗೆಯವು ಗಾಳಿಯ ತೇವಕ್ಕೆ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ತೂಗುವುದರಿಂದ ಅಳೆಯುವವರೆಗೆ ಆರ್ಗಾನ್ ತುಂಬಿದ, ಗಾಳಿ ತಾಗದ ಗ್ಲೋವ್ ಬಾಕ್ಸ್ ಬೇಕೇ ಬೇಕು. ಸೋಡಾ ಡಬ್ಬಿಯೇ ನೀರು ಕುಡಿಯುವ ಕೋಣೆಯಲ್ಲಿ ಅದನ್ನು ಶುರು ಮಾಡುವುದು ಅಪಾಯ, ಅಷ್ಟೇ.

ಬೀಟಾ ಅಲ್ಯುಮಿನಾ 1967ರಲ್ಲಿ ಫೋರ್ಡ್ ಪ್ರಯೋಗಾಲಯದಿಂದ ಹೊರಬಂದ ವಸ್ತು. 300 ಡಿಗ್ರಿ ಆಸುಪಾಸು ಓಡುವ ಸೋಡಿಯಂ-ಸಲ್ಫರ್ ಬ್ಯಾಟರಿ ಇವತ್ತಿಗೂ ಅದರ ಮೇಲೇ ನಿಂತಿದೆ. ಅದನ್ನು ಗಟ್ಟಿ ಮಾಡಲು 1600 ಡಿಗ್ರಿ ಬೇಕು, ಅಲ್ಯುಮಿನಾ ಊರಲ್ಲೇ ಸಿಕ್ಕರೂ ಒಲೆ ಸಿಗಬೇಕಲ್ಲ. ತೂಕದ ತಾಪತ್ರಯ ಕಡಿಮೆ ಮಾಡಬೇಕೆಂದರೆ ಇನ್ನೊಂದು ದಾರಿಯಿದೆ: ಒಂದು ಸೋಡಿಯಂ ಫಾಸ್ಫೇಟ್, ಎರಡು ಜಿರ್ಕಾನ್. ಜಿರ್ಕೋನಿಯಂ ಸಿಲಿಕೇಟ್ ಅಂದರೆ ಫೌಂಡ್ರಿಯವರಿಗೆ ಗೊತ್ತಿರುವ ಜಿರ್ಕಾನ್ ಹಿಟ್ಟೇ. ಕೂಡಿಸಿದರೆ ಸೂತ್ರ ಸರಿಯಾಗಿ ಹೊಂದುತ್ತದೆ, ಸೋಡಾ, ಸಿಲಿಕಾ ಎರಡೂ ಬೇಡ. ಆದರೆ ಜಿರ್ಕಾನ್ ಮೊಂಡು, ಬೇಗ ಬಿಚ್ಚಿಕೊಳ್ಳುವುದಿಲ್ಲ, ಕಲ್ಮಶವೂ ಹೆಚ್ಚು. ಅಳತೆಗೆ ಬೇಡ, ದೊಡ್ಡ ಪ್ರಮಾಣದಲ್ಲಿ ಅಗ್ಗವಾಗಿ ಮಾಡುವವರಿಗೆ ಸರಿ.


ಗುಮ್ಮಟದ_ಪ್ರತಿಧ್ವನಿ, ವಿಜಯಪುರ

ಹೊಸ ಪೆಲೆಟ್ ಬಂದ ಮ್ಯಾಲ ಅಳತಿ ಮಾಡೂ ಕ್ರಮ ಹೇಳಿಬಿಡ್ತೀನಿ, ಯಾಕಂದ್ರ ಮುಂದಿನ ತಪ್ಪು ಅಲ್ಲೇ ಆಗೂದು.

ತೇವ ಹತ್ತಿದ ಪೆಲೆಟ್ ಸುಳ್ಳು ಹೇಳ್ತದ. ಮೇಲ್ಮೈಯ ಸೋಡಿಯಂ ನೀರಿನ ಜೊತಿ ಅದಲುಬದಲಾಗಿ ಹಸಿ ಪದರ ಆಗ್ತದ, ಕರೆಂಟು ಅದರ ಮ್ಯಾಲಿಂದ ಹರೀತದ, ವಾಹಕತೆ ಹೆಚ್ಚು ಕಾಣಸ್ತದ. ನಮ್ಮ ಕಡಿ ಒಣ ಹವಾದಾಗ ಇದು ಅಷ್ಟ ಕಾಡೂದಿಲ್ಲ, ನಿಮ್ಮ ಊರಾಗ ಶ್ರಾವಣದಾಗ ಕಾಡ್ತದ. ಪೇಸ್ಟ್ ಹಚ್ಚಿದ ಪೆಲೆಟ್ಟನ್ನ ಹೋಲ್ಡರ್‌ದಾಗ ಇಟ್ಟು 200 ಡಿಗ್ರಿಗೆ 2 ತಾಸು ಕಾಸ್ರಿ, ಆಮ್ಯಾಲ ಇಳಿಯೂ ದಾರಿಯೊಳಗ ಅಳೀರಿ: 200, 175, 150, ಹಿಂಗ 25ರ ಮಟ. ಪ್ರತಿ ಉಷ್ಣತೆಗೆ 30 ನಿಮಿಷ ಕಾಯ್ದು, ಎರಡು ಸಲ ಅಳದು ಒಂದ ಬಂದ್ರ ಮಾತ್ರ ಬರೀರಿ. ಏರೂ ದಾರಿಯೊಳಗ ಅಳದಿದ್ದು ಇಳಿಯೂ ದಾರಿಗೆ ಕೂಡಲಿಲ್ಲಂದ್ರ ಒಳಗ ನೀರಿತ್ತು ಅಂತನ.

ವಾಹಕತೆಗೆ ಕೆಲ್ವಿನ್ ಉಷ್ಣತೆ ಗುಣಿಸಿ ಅದರ ಲಾಗ್ ತಗೊಂಡು, 1000 ಭಾಗಿಸು ಕೆಲ್ವಿನ್ ಎದುರು ಎಳೀರಿ. ಹತ್ತರ ಲಾಗ್ ಇದ್ರ ಇಳಿಜಾರನ್ನ 0.198ಕ್ಕ ಗುಣಿಸಿದ್ರ ಸಕ್ರಿಯತಾ ಶಕ್ತಿ (ಅಯಾನು ಜಿಗಿಯೂದಕ್ಕ ಬೇಕಾದ ಶಕ್ತಿ) ಎಲೆಕ್ಟ್ರಾನ್ ವೋಲ್ಟಿನೊಳಗ ಬರ್ತದ. 150ರ ಸುತ್ತ ಗೆರಿ ಬಾಗಿದ್ರ ಗಾಬರಿ ಆಗಬ್ಯಾಡ್ರಿ, ಅಲ್ಲಿ ನಾಸಿಕಾನ್ ಹರಳಿನ ಆಕಾರ ಮೊನೊಕ್ಲಿನಿಕ್‌ನಿಂದ ರಾಂಬೊಹೆಡ್ರಲ್ ಆಗ್ತದ. ಅದರ ಎರಡೂ ಕಡೆ ಬ್ಯಾರೆ ಬ್ಯಾರೆ ಗೆರಿ ಹೊಂದಸ್ರಿ. ಕೆಳಗಿನ ಪಾಲಿಗೆ 0.3ರಿಂದ 0.4 ಬಂದ್ರ ಸರಿ ಅದ. ಎಲ್ಲಾ ಸೇರಿಸಿ ಒಂದ ಗೆರಿ ಎಳದ್ರ ಬರೂ ಅಂಕಿಗೆ ಅರ್ಥ ಇಲ್ಲ.

ಗ್ರೇನ್ ಅರ್ಧವೃತ್ತ ಕಣ್ಣಾರೆ ನೋಡಬೇಕು ಅನ್ನೋರು ತಂಪು ಮಾಡ್ರಿ. ಐಸು-ಉಪ್ಪು ಸಾಲೂದಿಲ್ಲ, ನೆತ್ತಿ ಆವಾಗೂ 1 ಮೆಗಾಹರ್ಟ್ಜ್ ಕಿಂತ ಭಾಳ ಮ್ಯಾಲ ಇರ್ತದ. ಡ್ರೈ ಐಸ್ ಮತ್ತ ಆಲ್ಕೋಹಾಲ್ ಕೂಡಿಸಿದ್ರ ಮೈನಸ್ 78 ಸಿಗ್ತದ, ಶಕ್ತಿ 0.3 ಹಿಡಿದ್ರ ನೆತ್ತಿ 300 ಕಿಲೋಹರ್ಟ್ಜ್ ಒಳಗ ಬಂದು ಬೀಳ್ತದ. ಆವಾಗ ರೋಧ 60 ಕಿಲೋಓಮ್ ಹತ್ರ ಹೋಗಿರ್ತದ, ಕೇಬಲ್ಲಿನ ಕೆಪಾಸಿಟೆನ್ಸ್ ಕೂಡ ಕಾಣಾಕ ಹತ್ತತದ. ಹಂಗಾಗಿ ತಂತಿ ಗಿಡ್ಡ, ಶೀಲ್ಡ್ ಇರೂದು ಬಳಸ್ರಿ. ಪೆಲೆಟ್ಟನ್ನ ನೇರ ಆಲ್ಕೋಹಾಲ್‌ನಾಗ ಅದ್ದಬ್ಯಾಡ್ರಿ, ಬಿಗಿ ಮುಚ್ಚಿದ ಕೊಳವಿಯೊಳಗ ಒಣ ಸಾರಜನಕ ತುಂಬಿ ಇಳಸ್ರಿ. ಇಲ್ಲಾಂದ್ರ ಇಬ್ಬನಿ ಕುಂತು ಮತ್ತ ಅದ ನೀರಿನ ಗೋಳು.

10.8 ಮಿ.ಮೀ ವ್ಯಾಸ, 1.2 ಮಿ.ಮೀ ದಪ್ಪದ ಹೊಸ ಪೆಲೆಟ್ 25 ಡಿಗ್ರಿಗೆ ಒಟ್ಟು 190 ಓಮ್ ಸುತ್ತ ಬಂದ್ರ ನಿಮ್ಮ 0.7 ಸಿಕ್ಕಂಗ. ಆ ಅಂಕಿ ಬಂದ ದಿನ ಸಾಂದ್ರತೆ, ಸೋಡಾ ಒಣಗಿಸಿದ ತೂಕ, ಚಿನ್ನದ ಮಣಿಯ ವ್ಯತ್ಯಾಸ ಮೂರೂ ಸ್ಪೆಕ್ಟ್ರಮ್ ಜೊತಿ ಇಲ್ಲಿ ಹಾಕ್ರಿ.